ಚಾರ್ಜ್ ಪುಸ್ತಕದ ಕೊನೆಯ ಪುಟ

ಆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮೀಟಿಂಗ್ ರೂಮಿನಲ್ಲಿ ಕೂತಿದ್ದವರು ಮೂವರು, ಗೋಡೆಯ ಪರದೆಯ ಮೇಲೆ ಒಬ್ಬರು. ಮೇಜಿನ ತುದಿಯಲ್ಲಿ ನಮ್ಮ ಮ್ಯಾನೇಜರು. ರೋಹ್ಟಕ್ ಕಡೆಯವರು, ದನಿ ಜೋರು, ಮನಸ್ಸು ಕೆಟ್ಟದ್ದಲ್ಲ. ಅವರ ಎಡಕ್ಕೆ ಮಂಗಳೂರಿನ ಹುಡುಗಿ, ಇನ್ನೂ ಮೂವತ್ತು ತುಂಬಿಲ್ಲ, ನಮ್ಮ ತಂಡದ ಲೀಡ್. ಎದುರಿಗೆ ನಾನು, ಊಟದ ಡಬ್ಬಿಯನ್ನು ಕಾಲ ಹತ್ತಿರ ಇಟ್ಟುಕೊಂಡು. ಪರದೆಯ ಮೇಲಿದ್ದ ಹೆಂಗಸು ದೂರದ ಒಂದು ಚಳಿದೇಶದವರು. ಅವರ ಆಸ್ಪತ್ರೆಗಳ ದೊಡ್ಡ ಕಂಪ್ಯೂಟರನ್ನು, ಮೇನ್‌ಫ್ರೇಮ್ ಅನ್ನುತ್ತಾರಲ್ಲ ಅದನ್ನು, ಗುರುಗ್ರಾಮದ ಏಳನೇ ಮಹಡಿಯಲ್ಲಿ ಕೂತು ನೋಡಿಕೊಳ್ಳುವುದು ನಮ್ಮ ಕೆಲಸ. ಯಂತ್ರ ಇರುವುದು ಅಲ್ಲೇ, ಅವರ ದೇಶದಲ್ಲೇ. ಇಪ್ಪತ್ತಾರು ವರ್ಷ ಅದರ ಚಾಕರಿ ಮಾಡಿದ್ದೇನೆ. ಒಂದು ಸಲವೂ ಕಣ್ಣಿನಿಂದ ಕಂಡಿಲ್ಲ.

ಮ್ಯಾನೇಜರು ವರದಿಯನ್ನು ಓದುತ್ತಿದ್ದರು. ಏನು ಕೆಟ್ಟಿತು, ಯಾವಾಗ ಗೊತ್ತಾಯಿತು, ಯಾರು ಸರಿಮಾಡಿದರು, ಎಲ್ಲ ಆಯಿತು. ಕೊನೆಗೆ 'ಕಾರಣ' ಅನ್ನುವ ಜಾಗಕ್ಕೆ ಬಂದರು. 'ಹಿಂದಿನ ಹಿರಿಯ ಸಿಬ್ಬಂದಿಯೊಬ್ಬರು ಯಾವ ದಾಖಲೆಯನ್ನೂ ಬಿಡದೆ ಮಾಡಿದ ಬದಲಾವಣೆ' ಎಂದು ಓದಿ, ಅದರ ಮುಂದಿದ್ದ ಹೆಸರನ್ನೂ ಓದಿದರು.

"ಯಾರದಾದರೂ ಆಕ್ಷೇಪ ಇದೆಯಾ? ಇಲ್ಲದಿದ್ದರೆ ಸೋಮವಾರ ಇದನ್ನ ಮುಚ್ಚಿಬಿಡೋಣ. ಮುಚ್ಚಿದ ಮೇಲೆ ತೆಗೆಯೋಕೆ ಬರಲ್ಲ."

ಹುಡುಗಿ ನನ್ನ ಮುಖ ನೋಡಿದಳು. ನಾನು ಡಬ್ಬಿಯ ಕಡೆ ನೋಡಿದೆ. "ಚಲೋ," ಅಂದು ಮ್ಯಾನೇಜರು ಎದ್ದರು.

ಅವರು ಓದಿದ ಹೆಸರು ನನಗೆ ಈ ಕೆಲಸ ಕಲಿಸಿದವರದು. ದಾಖಲೆ ಇರಲಿಲ್ಲ ಅನ್ನುವುದು ಸುಳ್ಳು. ದಾಖಲೆ ಇತ್ತು. ಮಯೂರ್ ವಿಹಾರಿನ ನನ್ನ ಮನೆಯ ಗಾಡ್ರೇಜ್ ಬೀರುವಿನ ಕೆಳಗಿನ ಖಾನೆಯಲ್ಲಿ, ಅಜ್ಜಿಯ ಎರಡು ಹಳೇ ಸೀರೆಗಳ ಅಡಿಯಲ್ಲಿ, ಆರು ವರ್ಷದಿಂದ ಇತ್ತು.

ಇದನ್ನು ಮೊದಲಿನಿಂದ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ದೇಶದ ರಾಜಧಾನಿಯಲ್ಲಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಒಂದು ಸಚಿವಾಲಯದಲ್ಲಿ ಗುಮಾಸ್ತರು. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಪಂಜಾಬಿ ಬೆರೆತ ಹಿಂದಿ. ಮನೆಯಲ್ಲಿ ಮಾತ್ರ ಅಜ್ಜಿಯ ಕನ್ನಡ. ಅಜ್ಜಿ ಬದುಕಿರುವವರೆಗೆ ಮನೆಯೊಳಗೆ ಹಿಂದಿ ಆಡಿದರೆ "ಚಪ್ಪಲಿ ಹೊರಗೆ ಬಿಟ್ಟು ಬಂದ್ಯಲ್ಲ, ಅದನ್ನೂ ಅಲ್ಲೇ ಬಿಟ್ಟು ಬಾ" ಅನ್ನುತ್ತಿದ್ದಳು. ಹಾಗಾಗಿ ಮಾತು ಬಂತು. ಓದು ಬರಲಿಲ್ಲ. ಅಜ್ಜಿಗೇ ಓದು ಬರುತ್ತಿರಲಿಲ್ಲ, ಅಪ್ಪನಿಗೆ ಪುರುಸೊತ್ತಿರಲಿಲ್ಲ. ಮೂವತ್ತೊಂದನೇ ವಯಸ್ಸಿನಲ್ಲಿ ಈ ಕೆಲಸಕ್ಕೆ ಸೇರಿದಾಗ ನನಗೆ ಕನ್ನಡದ 'ಅ' ಯಾವುದು, 'ಆ' ಯಾವುದು ಗೊತ್ತಿರಲಿಲ್ಲ.

ಆಗ ಆಪರೇಷನ್ಸ್ ವಿಭಾಗದ ಹಿರಿಯರು ಗದಗ ಕಡೆಯವರು. ಅವರ ಜೊತೆ ಹುಬ್ಬಳ್ಳಿಯವರೊಬ್ಬರಿದ್ದರು, ಕೆಲವೇ ವರ್ಷಕ್ಕೆ ಬಿಟ್ಟುಹೋದರು. ಪಾಳಿ ಬದಲಾಗುವಾಗ ಹಿಂದಿನವರು ಮುಂದಿನವರಿಗೆ ಆದದ್ದು ಹೋದದ್ದು ಬರೆದು ಚಾರ್ಜ್ ಕೊಡಬೇಕು, ಅದು ನಿಯಮ. ಅದಕ್ಕೆ ನೀಲಿ ರಟ್ಟಿನ ದಪ್ಪ ಪುಸ್ತಕ. ಪ್ರತಿ ಪುಟದ ಕೆಳಗೆ ಗೀಟು ಹಾಕಿ ಎರಡು ಮನೆ: 'ಕೊಟ್ಟವರು', 'ತೆಗೆದುಕೊಂಡವರು'. ಇಬ್ಬರೂ ಸಹಿ ಮಾಡಿದ ಮೇಲೇ ಒಬ್ಬರು ಮನೆಗೆ ಹೊರಡುವುದು. ಆ ಇಬ್ಬರು ಆ ಪುಸ್ತಕವನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಯಾಕೆ ಅಂದರೆ ಬೇಗ ಆಗುತ್ತದೆ ಅಂತ. ಮೇಲಿನವರಿಗೆ ಅರ್ಥವಾಗುವುದಿಲ್ಲ ಅನ್ನುವುದೂ ಒಂದು ಅನುಕೂಲ. 'ಯಂತ್ರಕ್ಕೆ ನೆಗಡಿ. ಮೂರು ಸಲ ಸೀನಿ ಎದ್ದಿದೆ. ಕಣ್ಣಿಡಿ.' 'ದೊಡ್ಡ ಸಾಹೇಬರು ಬಂದು ನೋಡಿ ಹೋದರು. ಏನೂ ಮುರಿದಿಲ್ಲ.' ಇಂಥವು.

ನಾನು ಸೇರಿದ ಮೊದಲ ವಾರ ಅವರು ಪುಸ್ತಕ ಮುಂದಿಟ್ಟರು. ಓದೋಕೆ ಬರಲ್ಲ ಸರ್ ಅಂದೆ.

"ಕನ್ನಡದಾಗ ಇಷ್ಟು ಮಾತಾಡ್ತೀ, ಓದಲಿಕ್ಕೆ ಬರಂಗಿಲ್ಲೇನು?" ಅಂದರು. "ಮತ್ತ ಚಾರ್ಜ್ ಹ್ಯಾಂಗ ತಗೋತಿ ತಂಗಿ?"

ಇಂಗ್ಲಿಷಿನಲ್ಲಿ ಬರೆಯುತ್ತೇನೆ ಅಂತ ಅವರು ಹೇಳಲಿಲ್ಲ. ಹಾಗೆ ಹೇಳಬಹುದು ಅಂತ ನನಗೂ ತೋಚಲಿಲ್ಲ. ಊಟದ ಬಿಡುವಿನಲ್ಲಿ ಹಳೇ ಪುಟಗಳನ್ನು ತೆಗೆದು ಓದಿಸುತ್ತಿದ್ದರು. ನನ್ನ ಮೊದಲ ಕನ್ನಡ ಪಾಠದಲ್ಲಿ ಅರಸ, ಆಟ ಇರಲಿಲ್ಲ. 'ಟೇಪ್ ಸಿಕ್ಕಿಕೊಂಡಿದೆ' ಅನ್ನುವುದಿತ್ತು. ಆರು ತಿಂಗಳಲ್ಲಿ ಓದಿದೆ, ವರ್ಷಕ್ಕೆ ಬರೆದೆ. ನನ್ನ ಒತ್ತಕ್ಷರಗಳನ್ನು ನೋಡಿ, "ಎಲ್ಲಾ ಬಸ್ಸಿನಾಗ ನಿಂತವರಂಗ ನಿಂತಾವ, ಒಂದರ ಮ್ಯಾಲೊಂದು" ಎಂದು ನಗುತ್ತಿದ್ದರು.

ಈಗ ಆ ಬದಲಾವಣೆಯ ವಿಷಯ. ಇದು ಸ್ವಲ್ಪ ಯಂತ್ರದ ಮಾತು, ಬೇಸರಪಡಬೇಡಿ.

ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಅಂದರೆ ಯಾವ ಅಕ್ಷರ ಅನ್ನುವುದಕ್ಕೆ ಒಂದು ಕೋಷ್ಟಕ ಇರುತ್ತದೆ. ಅಂಥ ಕೋಷ್ಟಕ ಒಂದಲ್ಲ, ಹತ್ತಾರಿವೆ. ಯಂತ್ರಕ್ಕೆ ಒಪ್ಪಿಸುವ ಪ್ರತಿ ಕೆಲಸವೂ ಶುರುವಿನಲ್ಲೇ 'ನನ್ನದು ಇಂಥ ಕೋಷ್ಟಕ' ಅಂದುಬಿಟ್ಟರೆ ತಾಪತ್ರಯವಿಲ್ಲ. ಏನೂ ಹೇಳದೆ ಬಂದದ್ದಕ್ಕೆ ಯಂತ್ರ ತಾನೇ ಒಂದನ್ನು ಹಚ್ಚುತ್ತದೆ. ಡೀಫಾಲ್ಟ್ ಅನ್ನುವುದು ಅದನ್ನೇ. ಕಿದ್ವಾಯಿ ನಗರಕ್ಕೆ ಊರಿನಿಂದ ಯಾರಾದರೂ ಬಂದರೆ ಅಜ್ಜಿ "ಕಾಫಿನೋ, ಚಹಾನೋ" ಎಂದು ಒಂದೇ ಸಲ ಕೇಳುತ್ತಿದ್ದಳು. ಬಾಯಿ ಬಿಡದೆ ಸಂಕೋಚಪಟ್ಟು ಕೂತವರಿಗೆ ಕಾಫಿ. ಅಜ್ಜಿ ಹೋದ ಮೇಲೆ ಅಮ್ಮನ ಕಾಲದಲ್ಲಿ ಬಾಯಿ ಬಿಡದವರಿಗೆ ಚಹಾ. ಮನೆ ಅದೇ, ನೆಂಟರು ಅವರೇ. ಯಾರೂ ಅವರಿಗೆ ತಿಳಿಸಿರಲಿಲ್ಲ, ಅಷ್ಟೇ.

ಇಪ್ಪತ್ತು ವರ್ಷದ ಹಿಂದೆ ಒಮ್ಮೆ ಯಂತ್ರದ ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಈ ಡೀಫಾಲ್ಟೂ ಬದಲಾಯಿತು. ಏನೂ ಹೇಳದೆ ಬರುವ ನೂರಾರು ಕೆಲಸಗಳು ಒಟ್ಟಿಗೆ ತಲೆಕೆಳಗಾಗುವುದರಲ್ಲಿದ್ದವು. ಒಂದೊಂದನ್ನೇ ತಿದ್ದಲು ಸಮಯವಿರಲಿಲ್ಲ. ಆಗ ನಮ್ಮ ಹಿರಿಯರು ಒಂದು ಸಣ್ಣ ಉಪಾಯ ಮಾಡಿದರು. ಯಂತ್ರ ಎದ್ದಾಗ ಅದರ ಜೊತೆ ಕೆಲವು ಸಹಾಯಕರು ಏಳುತ್ತಾರೆ. ಸಬ್‌ಸಿಸ್ಟಮ್ ಅನ್ನುತ್ತೇವೆ, ಒಬ್ಬ ಮುದ್ರಣ ನೋಡುತ್ತಾನೆ, ಒಬ್ಬ ಸರದಿ ನೋಡುತ್ತಾನೆ. ಯಾರು ಯಾರ ಹಿಂದೆ ಏಳಬೇಕು ಅನ್ನುವುದಕ್ಕೆ ಒಂದು ಪಟ್ಟಿ, ಪ್ರತಿಯೊಬ್ಬನಿಗೂ ನಾಲ್ಕೇ ಅಕ್ಷರದ ಹೆಸರು. ನಮ್ಮ ಹಿರಿಯರು ತಾವೇ ಒಬ್ಬ ಸಹಾಯಕನನ್ನು ಬರೆದು ಆ ಪಟ್ಟಿಯಲ್ಲಿ ಸೇರಿಸಿದರು. ಏನೂ ಹೇಳದೆ ಬಂದವರಿಗೆ ಹಳೇ ಕೋಷ್ಟಕ ಹಚ್ಚುವುದಷ್ಟೇ ಅವನ ಕೆಲಸ. ಹೆಸರಿಗೆ ತಮ್ಮ ಹಳ್ಳಿಯ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಇಟ್ಟರು. ದಿನಾ ಬೆಳಿಗ್ಗೆ ಬಂದವರೇ ಪರದೆ ನೋಡಿ, "ಎದ್ದಾನಲ್ಲ ನಮ್ಮಾಂವ" ಅನ್ನುತ್ತಿದ್ದರು. ಅದೊಂದು ರೂಢಿಯಾಗಿತ್ತು.

ಆರು ವರ್ಷದ ಹಿಂದೆ ಅವರು ನಿವೃತ್ತರಾದರು. ಕೊನೆಯ ದಿನ ಕೇಕು, ಶಾಲು, ಫೋಟೋ. ಆ ಗದ್ದಲದಲ್ಲೇ ಪುಸ್ತಕದ ಕೊನೆಯ ಪುಟದಲ್ಲಿ 'ಕೊಟ್ಟವರು' ಅನ್ನುವ ಮನೆಯಲ್ಲಿ ಸಹಿ ಮಾಡಿ ನನ್ನ ಕೈಗಿಟ್ಟರು. ಯಾರೋ ಫೋಟೋಕ್ಕೆ ಕರೆದರು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಸೋಮವಾರ ತಂದಿಡಬೇಕು ಅಂದುಕೊಂಡೇ ಹಾಕಿಕೊಂಡದ್ದು, ಇದು ನಿಜ. ಆ ವಾರವೇ ಚಾರ್ಜ್ ಕೊಡುವುದನ್ನೆಲ್ಲ ಕಂಪ್ಯೂಟರಿನಲ್ಲೇ ಬರೆಯಬೇಕೆಂಬ ಹೊಸ ಪದ್ಧತಿ ಬಂತು. ಪುಸ್ತಕ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಭಾನುವಾರ ಬಟ್ಟೆ ಒಣಹಾಕಿ ಬಾಲ್ಕನಿಯಲ್ಲಿ ಕೂತು ನಾಲ್ಕು ಪುಟ ಓದುವುದು ನನಗೆ ಅಭ್ಯಾಸವಾಯಿತು. ಅಕ್ಷರ ಕಲಿತ ಪುಸ್ತಕ. ಬಿಡಲು ಮನಸ್ಸು ಬರಲಿಲ್ಲ. ಆಮೇಲೆ ಬಿಡಲು ಹೆದರಿಕೆ. ನಮ್ಮಲ್ಲಿ ಗೇಟಿನಲ್ಲಿ ಚೀಲ ನೋಡುತ್ತಾರೆ, ಆ ದಿನ ಮಾತ್ರ ನೋಡಿರಲಿಲ್ಲ. ಗ್ರಾಹಕರಿಗೆ ಸೇರಿದ ಒಂದು ಚೀಟಿ ಹೊರಗೆ ಹೋದರೂ ದೊಡ್ಡ ತಪ್ಪು. ತಂದಿಟ್ಟರೆ, ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾರೆ.

ಈ ವರ್ಷ ಮತ್ತೆ ಆಪರೇಟಿಂಗ್ ಸಿಸ್ಟಮ್ ಬದಲಾಗುವುದಿತ್ತು. ಹೊಸದರ ಜೊತೆ ಒಬ್ಬ ಹೊಸ ಸಹಾಯಕನೂ ಬರುವವನಿದ್ದ: ರೋಗಿಗಳಿಗೆ 'ಇಂಥ ದಿನ ಆಸ್ಪತ್ರೆಗೆ ಬನ್ನಿ' ಎನ್ನುವ ಪತ್ರಗಳನ್ನು ಕಾಗದದ ಬದಲು ನೇರ ಫೋನಿಗೆ ಕಳಿಸುವವನು. ಮಂಗಳೂರಿನ ಹುಡುಗಿ ಶ್ರದ್ಧೆಯಿಂದ ಪಟ್ಟಿ ಹಿಡಿದು ಕೂತಳು. ಹೊಸಬನಿಗೆ ಜಾಗ ಮಾಡುವಾಗ ಆ ನಾಲ್ಕಕ್ಷರ ಕಣ್ಣಿಗೆ ಬಿತ್ತು. ಯಾವ ಕೈಪಿಡಿಯಲ್ಲೂ ಇಲ್ಲ. 'ಇದು ಯಾರದು? ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ತೆಗೆಯಲು ಎಲ್ಲರ ಒಪ್ಪಿಗೆ ಇದೆ ಎಂದು ತಿಳಿಯುತ್ತೇನೆ' ಎಂದು ಎಲ್ಲರಿಗೂ ಮೇಲ್ ಹಾಕಿದಳು. ನಾನು ಆಗ ಮೊಣಕಾಲು ನೋವಿಗೆ ರಜೆಯಲ್ಲಿದ್ದೆ. ವಾಪಸು ಬಂದಾಗ ಓದದ ಮೇಲ್‌ಗಳು ರಾಶಿ ಬಿದ್ದಿದ್ದವು. ನಿಜ ಹೇಳಬೇಕೆಂದರೆ ಈಚೆಗೆ ನಾನು ಮೇಲ್ ಓದುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಮಯೂರ್ ವಿಹಾರಿನಿಂದ ಮೆಟ್ರೋ, ನಡುವೆ ಇಳಿದು ಇನ್ನೊಂದು ಮೆಟ್ರೋ, ಅಲ್ಲಿಂದ ಹಂಚಿಕೊಂಡ ಆಟೋ. ಆಫೀಸು ಮುಟ್ಟುವಷ್ಟರಲ್ಲಿ ಅರ್ಧ ದಿನದ ಉಸಿರು ಮುಗಿದಿರುತ್ತದೆ. ಉಳಿದ ಅರ್ಧದಲ್ಲಿ ಎಲ್ಲವನ್ನೂ ಓದಲು ಯಾರಿಂದಾಗುತ್ತದೆ?

ಉತ್ತರ ಹೋಗಲಿಲ್ಲ. ಅವಳು ತೆಗೆದಳು.

ಪುಣ್ಯಕ್ಕೆ ಅದು ಪರೀಕ್ಷೆಗೆಂದು ಇಟ್ಟ ಯಂತ್ರ. ಆ ಪತ್ರಗಳಿಗೆ ಬರುವ ಮಾಹಿತಿಯಲ್ಲಿ ರೋಗಿಯ ಹೆಸರು, ದಿನಾಂಕ, ಆಸ್ಪತ್ರೆ ಇವುಗಳ ನಡುವೆ, ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಗೋಡೆ ಎಬ್ಬಿಸಿದ ಹಾಗೆ ಒಂದು ನೆಟ್ಟನೆಯ ಗೀಟು ಇರುತ್ತದೆ. ಗೀಟು ಕಂಡಲ್ಲಿ ಕತ್ತರಿಸಿ ಪತ್ರ ಜೋಡಿಸುವುದು ಕ್ರಮ. ಹೊಸ ಕೋಷ್ಟಕದಲ್ಲಿ ಆ ಸಂಖ್ಯೆಗೆ ಗೀಟಿನ ಬದಲು ಆಶ್ಚರ್ಯಸೂಚಕ ಚಿಹ್ನೆ. ಕತ್ತರಿಸಲು ಗೀಟೇ ಸಿಗದೆ, ಎಲ್ಲ ರೋಗಿಗಳೂ ಒಂದೇ ಪತ್ರದಲ್ಲಿ ಸಾಲಾಗಿ, ಪ್ರತಿ ಹೆಸರಿನ ಮುಂದೆ ಬೊಬ್ಬೆ ಹೊಡೆದಂತೆ ಆ ಚಿಹ್ನೆ. ನೋಡಿ ಹುಡುಗಿ, "ಎಂತ ಅಕ್ಕ ಇದು, ಎಲ್ಲರೂ ಒಟ್ಟಿಗೆ ಕಿರುಚಿದ ಹಾಗೆ ಉಂಟಲ್ಲ" ಅಂದಳು. ನಗುತ್ತಲೇ ಅಂದಳು, ಮುಖ ಬಿಳಿಚಿತ್ತು.

ಆ ನಾಲ್ಕಕ್ಷರ ಅಂದಕೂಡಲೇ ನನಗೆ ಗೊತ್ತಾಯಿತು. ಅದನ್ನು ಮತ್ತೆ ಪಟ್ಟಿಗೆ ಸೇರಿಸು ಅಂದೆ. ಸೇರಿಸಿದಳು, ಸರಿಹೋಯಿತು. ಯಾರು ಮಾಡಿದ್ದು ಅಂತ ಮ್ಯಾನೇಜರು ಕೇಳಿದರು, ಹೆಸರು ಹೇಳಿದೆ. ದಾಖಲೆ ಇದೆಯಾ ಅಂತ ಕೇಳಿದರು. ಅಲ್ಲಿ ನನ್ನ ಬಾಯಿ ಕಟ್ಟಿತು. ನನಗೆ ಉಳಿದಿರುವುದು ಇನ್ನೊಂದೂವರೆ ವರ್ಷ. ಯಾವ ತಕರಾರೂ ಇಲ್ಲದೆ ಶಾಲು ಹೊದ್ದು, ಕೇಕು ತಿಂದು ಹೋದರೆ ಸಾಕು ಅನ್ನಿಸುವ ಕಾಲ.

ಹೀಗೆ ಆ ಗುರುವಾರ ಬಂದಿತ್ತು.

ಶನಿವಾರ ನಮ್ಮ ಹಿರಿಯರ ಮನೆಗೆ ಹೋದೆ. ಅವರೂ ಮಯೂರ್ ವಿಹಾರಿನಲ್ಲೇ, ನಮ್ಮ ಸೊಸೈಟಿಯಿಂದ ಹತ್ತು ನಿಮಿಷ ನಡೆದರೆ ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಗಳ ಜೊತೆ ಇದ್ದಾರೆ. ಕಣ್ಣಿನ ನಡುಭಾಗ ಮಂಕಾಗಿದೆ. ಅಂಚು ಕಾಣುತ್ತದೆ, ಎದುರಿಗಿದ್ದದ್ದು ಕಾಣುವುದಿಲ್ಲ. ನಾನು ತಿಂಗಳಿಗೊಮ್ಮೆ ಹೋಗುವುದಿತ್ತು. ಹೋದರೆ ಚಹಾ ಆಗದೆ ಬಿಡುತ್ತಿರಲಿಲ್ಲ.

ಬಾಗಿಲು ತೆಗೆದದ್ದು ಮೊಮ್ಮಗಳು, ಕಾಲೇಜಿಗೆ ಹೋಗುವವಳು. "ಅಜ್ಜಾ, ಆಫೀಸ್‌ವಾಲೀ ಆಂಟಿ ಆಯೀ ಹೈಂ," ಎಂದು ಕೂಗಿ, ನನಗೆ ನಮಸ್ತೆ ಮಾಡಿ ಒಳಗೆ ಹೋದಳು.

"ಬಾ ತಂಗಿ, ಬಾ. ಈ ಬಿಸಲಾಗ ಮೂರು ಮಹಡಿ ಹತ್ತಿ ಬಂದಿಯಲ್ಲ, ಮೊಣಕಾಲು ಏನಂತಾವ?"

"ಬೈತಾ ಇವೆ ಸರ್."

"ಬೈಲಿ. ಕೂಡು. ನಮ್ಮ ನಾಲ್ಕಕ್ಷರದಾಂವ ಹ್ಯಾಂಗಿದ್ದಾನ?"

ಪ್ರತಿ ಸಲ ಇದನ್ನೇ ಕೇಳುತ್ತಿದ್ದರು. ಪ್ರತಿ ಸಲ ನಾನು, ಎದ್ದಿದ್ದಾನೆ ಸರ್ ಅನ್ನುತ್ತಿದ್ದೆ. ಈ ಸಲ, "ಅವನನ್ನ ತೆಗೆದುಬಿಟ್ಟಿದ್ರು ಸರ್. ಮತ್ತೆ ಹಾಕಿದ್ದೀವಿ" ಅಂದೆ.

ಅವರು ನಕ್ಕರು. "ತೆಗೀಲೇಬೇಕು. ಭಾಳ ದಿನ ದುಡದಾನ. ನಾ ಎರಡು ವರ್ಷಕ್ಕಂತ ಮಾಡಿದ್ದೆ. ಮತ್ಯಾಕ ಹಾಕಿದ್ರಿ?"

ಹೇಳಿದೆ. ಗೀಟು ಹೋದದ್ದು, ಪತ್ರಗಳು ಒಂದಾದದ್ದು.

"ಹಂಗಾದ್ರ ಪುಸ್ತಕ ನೋಡಿಲ್ಲ," ಅಂದರು. "ಹ್ಯಾಂಗ ತೆಗೀಬೇಕಂತ ಬರದೀನಲ್ಲ. ಮೊದಲು ಎಲ್ಲಾರಿಗೂ ತಮ್ಮ ಕೋಷ್ಟಕ ತಾವ ಹೇಳಲಿಕ್ಕೆ ಹಚ್ಚಬೇಕು, ಆಮ್ಯಾಲೆ ಇವನನ್ನ ತೆಗೀಬೇಕು. ಪಟ್ಟಿ ಸಹಿತ ಬರದೀನಿ. ಪುಸ್ತಕದಾಗ ಇದ್ದದ್ದು ನೋಡದ ಹ್ಯಾಂಗ ತೆಗದ್ರು?"

"ಪುಸ್ತಕ ಆಫೀಸಲ್ಲಿ ಇಲ್ಲ ಸರ್."

"ಮತ್ತ?"

"ನನ್ನ ಮನೇಲಿದೆ. ನೀವು ಕೊಟ್ಟ ದಿನದಿಂದ."

ಅವರು ತಲೆಯನ್ನು ಒಂದು ಕಡೆ ಹೊರಳಿಸಿದರು. ಕಣ್ಣಿನ ಅಂಚಿನಿಂದ ನನ್ನನ್ನು ನೋಡಬೇಕಾದರೆ ಹಾಗೆ ಮಾಡುತ್ತಾರೆ.

"ಆರು ವರ್ಷ?"

"ಹೌದು ಸರ್."

"ನೀ ರಜಾ ಹಾಕಿದಾಗ, ನಿನಗ ಜ್ವರ ಬಂದಾಗ, ಅವರು ಏನು ನೋಡತಿದ್ರು?"

ಅಕ್ಷರ ಕಲಿತ ಪುಸ್ತಕ, ನೆನಪಿಗೆ ಇಟ್ಟುಕೊಂಡೆ, ಭಾನುವಾರ ಓದುತ್ತೇನೆ ಎಂದೆಲ್ಲ ತೊದಲಿದೆ.

"ನೆನಪಿಗಂತ ನಾ ಕೊಟ್ಟಿರಲಿಲ್ಲ. ಚಾರ್ಜ್ ಕೊಟ್ಟಿದ್ದೆ."

ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ವರದಿಯಲ್ಲಿ ಅವರ ಹೆಸರಿರುವುದನ್ನು, ದಾಖಲೆ ಬಿಡದೆ ಹೋದರು ಎಂದು ಬರೆದಿರುವುದನ್ನು, ಸೋಮವಾರ ಅದು ಮುಚ್ಚಿಹೋಗುವುದನ್ನು ಹೇಳಿದೆ. ಅವರ ಬೆನ್ನ ಹಿಂದೆ ಗೋಡೆಯಲ್ಲಿ, ಆ ಚಳಿದೇಶದವರು ನಿವೃತ್ತಿಯ ದಿನ ಕಳಿಸಿದ್ದ ಪತ್ರ ಕಟ್ಟು ಹಾಕಿ ತೂಗುಹಾಕಿತ್ತು. ಇವರು ನೋಡಿಕೊಂಡಿದ್ದರಿಂದ ನಾವು ನೆಮ್ಮದಿಯಾಗಿದ್ದೆವು ಎಂದು ಬರೆದಿದ್ದರು. ಕಣ್ಣು ಮಂಕಾದ ಮೇಲೂ ಅವರು ಅದನ್ನು ತೆಗೆಸಿರಲಿಲ್ಲ.

"ನನ್ನ ಹೆಸರು ಬರದಾರೇನು," ಅಂದರು. ಅಷ್ಟೇ. ಆಮೇಲೆ, "ಪುಸ್ತಕ ತಂದೀಯೇನು?" ಅಂದರು.

ಚೀಲದಲ್ಲಿತ್ತು. ತೆಗೆದೆ. "ಓದು," ಅಂದರು. ಓದಿದೆ.

'ಈತನನ್ನು ಕಳಿಸುವ ಕ್ರಮ. ಈತ ಏನೂ ಹೇಳದೆ ಬಂದವರ ಪರವಾಗಿ ಹೇಳುವವನು. ಈತನನ್ನು ಕಳಿಸುವ ಮೊದಲು ಕೆಳಗಿನ ಪಟ್ಟಿಯಲ್ಲಿರುವ ಪ್ರತಿಯೊಂದು ಕೆಲಸವೂ ತನ್ನ ಕೋಷ್ಟಕವನ್ನು ತಾನೇ ಹೇಳುವಂತೆ ತಿದ್ದಿ. ಹಿಂದುಮುಂದು ಮಾಡಬೇಡಿ.' ಅದರ ಕೆಳಗೆ ಮೂರು ಪುಟ ತುಂಬ ಕೆಲಸಗಳ ಹೆಸರು. ನಾನು ಓದುತ್ತಾ ಹೋದಂತೆ ಅವರ ತುಟಿ ನನಗಿಂತ ಒಂದು ಹೆಸರು ಮುಂದೆ ಆಡುತ್ತಿತ್ತು. ಒಂದು ಕಡೆ ನಾನು ಸಾಲು ತಪ್ಪಿದೆ. "ಒಂದು ಬಿಟ್ಟಿ," ಅಂದರು. ಬಿಟ್ಟಿದ್ದೆ.

ಮುಗಿದಾಗ ನಾಲ್ಕೂವರೆ. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಅವರು ಯಾರನ್ನೂ ಕೂಗಲಿಲ್ಲ. "ಬಿಸಿಲು ಇಳೀತು, ಹೊರಡು" ಅಂದರು. ಇಷ್ಟು ವರ್ಷದಲ್ಲಿ ಆ ಮನೆಯಿಂದ ಚಹಾ ಇಲ್ಲದೆ ಇಳಿದದ್ದು ಅದೇ ಮೊದಲು. ಮೂರು ಮಹಡಿ ಇಳಿಯುವುದರಲ್ಲಿ ಎರಡು ಕಡೆ ಕಂಬಿ ಹಿಡಿದು ನಿಂತೆ. ಮೊಣಕಾಲಿನ ದೆಸೆಯಿಂದ ಅಂತ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿತು, ಅಪರೂಪಕ್ಕೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಪುಸ್ತಕ ಭಾರವಾಗಿತ್ತು. ಇಳಿಯುವ ನಿಲ್ದಾಣ ಬಂದಾಗ ಏಳಲಿಲ್ಲ. ಮುಂದಿನದರಲ್ಲಿ ಇಳಿದು ವಾಪಸು ಬಂದೆ. ಆಫೀಸಿನ ಗೇಟಿನಲ್ಲಿ ಕಾವಲಿನವನು ಚೀಲ ತೆರೆಸಿದ. "ಯೇ ಕ್ಯಾ ಹೈ, ಮ್ಯಾಡಮ್‌ಜೀ? ಪೂಜಾ ಕೀ ಕಿತಾಬ್?" ಎಂದ, ಪೂಜೆಯ ಪುಸ್ತಕವೇನೋ ಅಂದುಕೊಂಡು. ಹೊರಗೆ ತೆಗೆದುಕೊಂಡು ಹೋಗುವಾಗ ನೋಡುವುದು ಅವರ ಕೆಲಸ, ಒಳಗೆ ತರುವುದಕ್ಕೆ ತಕರಾರಿಲ್ಲ. ಬಿಟ್ಟ.

ಎರಡು ಗಂಟೆಗೆ ಅದೇ ರೂಮು, ಅದೇ ಮೂವರು, ಪರದೆಯ ಮೇಲೆ ಅದೇ ಹೆಂಗಸು. ಮ್ಯಾನೇಜರು, "ತೋ, ಮುಚ್ಚೋಣವಾ?" ಅನ್ನುವಷ್ಟರಲ್ಲಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

"ಕಾರಣ ತಪ್ಪಾಗಿದೆ," ಅಂದೆ. "ದಾಖಲೆ ಇತ್ತು. ಇದೇ."

ಅವರು ಪುಟ ತಿರುವಿದರು. ಪುಸ್ತಕವನ್ನು ಒಮ್ಮೆ ತಲೆಕೆಳಗೆ ಹಿಡಿದು ಮತ್ತೆ ನೆಟ್ಟಗೆ ಮಾಡಿದರು. "ಅರೇ, ಇದು ಯಾವ ಲಿಪಿ? ಮದ್ರಾಸಿ?"

"ಕನ್ನಡ ಸರ್," ಹುಡುಗಿ ಅಂದಳು, ಚುರುಕಾಗಿ.

"ಅಚ್ಛಾ. ಆದರೆ ಯಾರಿಗೂ ಓದೋಕೆ ಬರದೇ ಇರೋದನ್ನ ದಾಖಲೆ ಅಂತ ಹೇಗೆ ಅನ್ನೋದು?"

"ನನಗೆ ಬರ್ತದೆ," ಅಂದಳು. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಮಂಗಳೂರಿನಲ್ಲಿ ಶಾಲೆಯಲ್ಲಿ ಕಲಿತವಳು. ನನಗಿಂತ ಎರಡು ಪಟ್ಟು ವೇಗ. 'ಈತನನ್ನು ಕಳಿಸುವ ಕ್ರಮ' ಎಂದು ಶುರುಮಾಡಿ, ಒಂದು ಸಾಲು ಕನ್ನಡದಲ್ಲಿ ಓದಿ ಕೂಡಲೇ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. 'ಹಿಂದುಮುಂದು ಮಾಡಬೇಡಿ' ಅನ್ನುವಲ್ಲಿ ತಡೆದು ನಿಂತಳು. ಅವಳು ಮಾಡಿದ್ದು ಅದನ್ನೇ.

ಪರದೆಯ ಹೆಂಗಸು, "ಪಟ್ಟಿಯೂ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇದೆ."

"ಹಾಗಾದರೆ ಭಾಷೆಯ ವಿಷಯ ಆಮೇಲೆ ನೋಡೋಣ. ಪಟ್ಟಿ ಓದಿ."

ಓದಿದಳು. ಅವರು ತಮ್ಮ ಕಡೆಯ ಯಂತ್ರದಲ್ಲಿ ಒಂದೊಂದನ್ನೇ ಹುಡುಕುತ್ತಾ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಡಬ್ಬಿಯ ಚಪಾತಿ ಕಾಲ ಬಳಿ ಗಟ್ಟಿಯಾಗುತ್ತಿತ್ತು. ಪಟ್ಟಿಯಲ್ಲಿದ್ದವೆಲ್ಲ ಅಲ್ಲಿದ್ದವು. ಅಲ್ಲಿದ್ದ ಎರಡು ಮಾತ್ರ ಪಟ್ಟಿಯಲ್ಲಿರಲಿಲ್ಲ. ಅವು ನಮ್ಮ ಹಿರಿಯರು ನಿವೃತ್ತರಾದ ಮೇಲೆ ಸೇರಿದವು. ಅವನ್ನು ಪುಸ್ತಕಕ್ಕೆ ಸೇರಿಸಬೇಕಾದವಳು ನಾನು.

ಆಮೇಲೆ ಮ್ಯಾನೇಜರು ಕೇಳಲೇಬೇಕಾದ ಪ್ರಶ್ನೆ ಕೇಳಿದರು. "ಇದು ಇಷ್ಟು ದಿನ ಎಲ್ಲಿತ್ತು?"

"ನನ್ನ ಮನೇಲಿ. ಅವರು ಕೊಟ್ಟಿದ್ರು, ನಾನು ತಲುಪಿಸಲಿಲ್ಲ."

ಅವರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಮ್ಯಾಡಮ್, ನೀವು ಇದನ್ನ ಹೇಳದೇ ಇದ್ದಿದ್ರೆ ನನಗೂ ಸುಲಭ ಆಗ್ತಿತ್ತು, ನಿಮಗೂ."

"ಗೊತ್ತು ಸರ್."

ವರದಿಯ ಆ ಸಾಲನ್ನು ಅಲ್ಲೇ ತಿದ್ದಿದರು. 'ದಾಖಲೆ ಬರೆದಿಡಲಾಗಿತ್ತು, ಅದನ್ನು ಪಡೆದವರು ಕಚೇರಿಗೆ ತಲುಪಿಸಲಿಲ್ಲ.' ಹಿರಿಯರ ಹೆಸರಿದ್ದ ಕಡೆ ನನ್ನ ಹೆಸರು ಬಂತು. ಹತ್ತು ದಿನದ ಮೇಲೆ ನನಗೊಂದು ಎಚ್ಚರಿಕೆಯ ಪತ್ರವೂ ಬಂತು, ಎರಡು ಪ್ಯಾರಾ. ಸಹಿ ಮಾಡಿ ಒಂದು ಪ್ರತಿ ಹಿಂತಿರುಗಿಸಿದೆ. ಮನೆಯಲ್ಲಿ ಹೇಳಿದಾಗ ನನ್ನ ಗಂಡ, "ಇಪ್ಪತ್ತಾರು ವರ್ಷಕ್ಕೆ ಒಂದು ಪತ್ರವಾದರೂ ಕೊಟ್ಟರಲ್ಲ" ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ, ಅವರೂ ಮುಂದುವರಿಸಲಿಲ್ಲ.

ಅದೇ ಸೋಮವಾರ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಮೊದಲು ಹುಡುಗಿ ಕೊನೆಯ ಪುಟ ತೆಗೆದಳು. "ಅಕ್ಕ, ಇಲ್ಲಿ 'ತೆಗೆದುಕೊಂಡವರು' ಖಾಲಿ ಉಂಟು."

ಫೋಟೋಕ್ಕೆ ಕರೆದಿದ್ದರಲ್ಲ, ಆ ದಿನ. ಪೆನ್ನು ತೆಗೆದುಕೊಂಡು ಸಹಿ ಮಾಡಿದೆ. ತಾರೀಖು ಅವತ್ತಿನದೇ ಹಾಕಿದೆ, ಆರು ವರ್ಷದ ಹಿಂದಿನದಲ್ಲ. ಅದರ ಕೆಳಗೆ ಹೊಸ ಗೀಟು ಎಳೆದು ಅವಳಿಗೆ ಕೊಟ್ಟೆ. 'ಕೊಟ್ಟವರು' ನಾನು, 'ತೆಗೆದುಕೊಂಡವರು' ಅವಳು. ಮಾರನೆಯ ದಿನದಿಂದ ಇಬ್ಬರೂ ಕೂತು ಪಟ್ಟಿಯಲ್ಲಿದ್ದ ಕೆಲಸಗಳನ್ನು ತಿದ್ದತೊಡಗಿದೆವು. ಪ್ರತಿಯೊಂದರ ನೆತ್ತಿಯ ಮೇಲೆ ಒಂದೇ ಒಂದು ಸಾಲು: ನನ್ನದು ಇಂಥ ಕೋಷ್ಟಕ. ಐದು ವಾರ ಹಿಡಿಯಿತು. ಕಣ್ಣು ಉರಿ, ಬೆನ್ನು ನೋವು. ಅವಳು ನಡುನಡುವೆ, "ಇದು ಮುಗಿಯುವುದುಂಟಾ ಮಾರಾಯ್ರೆ" ಎಂದು ಮೇಜಿನ ಮೇಲೆ ತಲೆಯಿಡುತ್ತಿದ್ದಳು.

ಐದು ವಾರವೂ ನಾನು ಆ ಮೂರು ಮಹಡಿ ಹತ್ತಲಿಲ್ಲ. ಫೋನೂ ಮಾಡಲಿಲ್ಲ. ಅವರಿಂದಲೂ ಬರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಆ ನಾಲ್ಕಕ್ಷರವನ್ನು ಪಟ್ಟಿಯಿಂದ ತೆಗೆದೆವು. ಯಂತ್ರವನ್ನು ಮಲಗಿಸಿ ಎಬ್ಬಿಸಿದೆವು. ಹೊಸ ಸಹಾಯಕ ತನ್ನ ಸರದಿಯಲ್ಲಿ ಎದ್ದ. ಪತ್ರಗಳು ಒಂದೊಂದಾಗಿ, ಗೀಟು ಇದ್ದಲ್ಲಿ ಕತ್ತರಿಸಿಕೊಂಡು ಬಂದವು.

ಮರುದಿನ ಭಾನುವಾರ ಹನ್ನೊಂದು ಗಂಟೆಗೆ ಅವರ ಮನೆಗೆ ಹೋದೆ. ಮೊಮ್ಮಗಳು ಬಾಗಿಲು ತೆಗೆದಳು. ಅವರು ಕಿಟಕಿಯ ಹತ್ತಿರ ಕೂತಿದ್ದರು, ನನ್ನ ಹೆಜ್ಜೆ ಗುರುತು ಹಿಡಿದಿರಬೇಕು, ತಿರುಗಿ ನೋಡಲಿಲ್ಲ. ನಾನು ನಿಂತುಕೊಂಡೇ ಹೇಳಿದೆ: ವರದಿಯಲ್ಲಿ ಈಗ ಏನಿದೆ, ಯಾರ ಹೆಸರಿದೆ, ಪುಸ್ತಕ ಎಲ್ಲಿದೆ, ಅವನನ್ನು ಯಾವ ಕ್ರಮದಲ್ಲಿ ಕಳಿಸಿದೆವು. ಪಟ್ಟಿಯಲ್ಲಿಲ್ಲದ ಎರಡು ಕೆಲಸ ಸಿಕ್ಕವು ಅನ್ನುವುದನ್ನೂ ಹೇಳಿದೆ.

"ಎರಡು?" ಅಂದರು.

"ನೀವು ಹೋದಮೇಲೆ ಸೇರಿದವು ಸರ್. ನಾನು ಬರೀಬೇಕಿತ್ತು."

ತಲೆಯನ್ನು ಒಂದು ಕಡೆ ಹೊರಳಿಸಿ ನನ್ನನ್ನು ನೋಡಿದರು. "ಕೂಡು," ಅಂದರು. ಒಳಗಿನವರಿಗೆ ಕೂಗಿ ಚಹಾ ಇಡಲು ಹೇಳಿದರು. ಆಮೇಲೆ, "ಆ ಎರಡು ಯಾವ್ಯಾವು, ಹೇಳು" ಅಂದರು.

ಹೇಳಿದೆ. ಅವರು ಆ ಎರಡು ಹೆಸರನ್ನು ಎರಡೆರಡು ಸಲ ಅಂ‌ದುಕೊಂಡರು. ಚಹಾ ಬಂತು.